ಎತ್ತಿಗೆ ಹುರುಳಿ, ಹಸುವಿಗೇನು?

"ಗಂಗುಲಮ್ಮ, ನಿಮ್ಮ ಹಾಲು ಇವತ್ತೂ ಡಿಗ್ರಿ ಬರ್ಲಿಲ್ಲ. ವಾಪಸ್ ತಗೊಂಡು ಹೋಗಿ."

ಡೈರಿ ಕಾರ್ಯದರ್ಶಿ ಯೋಗನರಸಿಂಹ ಈ ಮಾತನ್ನು ಮೆತ್ತಗೇ ಹೇಳಿದರು. ಆದರೆ ಚೀಮನಕುಂಟೆಯಲ್ಲಿ ಮೆತ್ತಗೆ ಹೇಳಿದ ಮಾತು ಬೇಗ ಊರು ಸುತ್ತುತ್ತದೆ. ಸಾಲಿನಲ್ಲಿ ಕ್ಯಾನು, ಚೊಂಬು, ಸ್ಟೀಲ್ ಬಕೆಟ್ಟು ಹಿಡಿದು ನಿಂತಿದ್ದವರೆಲ್ಲ ಒಟ್ಟಿಗೇ ತಿರುಗಿ ನೋಡಿದರು. ಹಾಲಿನಲ್ಲಿ ಗಾಜಿನ ಕಡ್ಡಿ ಮುಳುಗಿ ನಿಂತಿತ್ತು. ಗಟ್ಟಿ ಹಾಲಾದರೆ ಆ ಕಡ್ಡಿ ಮೇಲೆ ತೇಲುತ್ತದೆ, ತೆಳು ಹಾಲಾದರೆ ಒಳಕ್ಕೆ ಇಳಿಯುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತು.

"ಏಮ್ಮಾ ಗಂಗುಲಮ್ಮ, ನಿಮ್ಮ ಬಾವೀಲಿ ನೀರು ಚೆನ್ನಾಗಿ ಬಂದಂಗೈತೆ ಈ ಸಲ!" ಅಂದ ಆವಲಪ್ಪ. ಅವನ ಬಾಯಿಗೆ ಬೀಗವಿಲ್ಲ. ಸಾಲಿನಲ್ಲಿ ನಗು ಹರಿದಾಡಿತು.

ಗಂಗುಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಆವಲಪ್ಪಣ್ಣ, ನಾನು ಒಂದು ಹನಿ ನೀರು ಹಾಕಿದ್ರೆ ನನ್ನ ಕೈ ಬಿದ್ದೋಗ್ಲಿ! ಸಾರ್, ನೀವೇ ಹೇಳಿ, ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ನಾನು ಕಲಬೆರಕೆ ಮಾಡಿದ್ದೀನಾ?"

"ನಾನು ಹಂಗಂದಿಲ್ಲಮ್ಮ. ಕಡ್ಡಿ ಹೇಳಿದ್ದನ್ನ ಹೇಳ್ದೆ," ಎಂದರು ಯೋಗನರಸಿಂಹ. "ಆದ್ರೆ ಹೀಗೇ ಆಗ್ತಾ ಹೋದ್ರೆ ಸಂಘದ ಮೀಟಿಂಗಲ್ಲಿ ಇಟ್ಟು ನಿಮ್ಮ ಹಾಲು ನಿಲ್ಲಿಸಬೇಕಾಗುತ್ತೆ. ನನ್ನ ಕೈಲಿ ಏನೂ ಇಲ್ಲ."

"ಹಂಗಾದ್ರೆ ನಾಳೆ ಬೆಳಗ್ಗೆ ಆ ಕಡ್ಡಿ ತಗೊಂಡು ನಮ್ಮ ಕೊಟ್ಟಿಗೆಗೇ ಬನ್ನಿ. ನಿಮ್ಮ ಕಣ್ಣೆದುರಿಗೇ ಹಾಲು ಕರೀತೀನಿ. ಬೇಕಾದ್ರೆ ಇವರೆಲ್ಲಾನೂ ಕರ್ಕೊಂಡು ಬನ್ನಿ!" ಎಂದು ಗಂಗುಲಮ್ಮ ಕ್ಯಾನು ಎತ್ತಿಕೊಂಡು, ಸೆರಗು ಬಿಗಿದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು.

ಇದು ಎಂಬತ್ತೆಂಟನೇ ಇಸವಿಯ ಮುಂಗಾರಿನ ಮಾತು. ಚೀಮನಕುಂಟೆ ಶಿಡ್ಲಘಟ್ಟ ತಾಲ್ಲೂಕಿನದು, ಜಂಗಮಕೋಟೆಯಿಂದ ಕಾಲುದಾರಿಯಲ್ಲಿ ಹೋಗುವಂಥ ಊರು. ಮನೆಗೊಂದು ರೇಷ್ಮೆ ಹುಳುವಿನ ತಟ್ಟೆ ಸಾಲು, ಮನೆಗೊಂದು ಸೀಮೆ ಹಸು. ಹುಳು ಕೈಕೊಟ್ಟರೂ ಹಸು ಕೈಬಿಡುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು. ಗಂಗುಲಮ್ಮನಿಗಂತೂ ತನ್ನ ಗುಲಾಬಿ ಎಂದರೆ ಪ್ರಾಣ. ಕರುವಾಗಿದ್ದಾಗಿನಿಂದ ಅವಳೇ ಸಾಕಿದ ಹಸು. ಹೋದ ಚಳಿಗಾಲದಲ್ಲಿ ಈದಿತ್ತು, ಈಗ ಮತ್ತೆ ಗಬ್ಬ ನಿಂತಿತ್ತು.

ಮನೆಯಲ್ಲಿ ಗಂಡ ನಲ್ಲಪ್ಪ ನೇಗಿಲಿಗೆ ಹಗ್ಗ ಹೊಸೆಯುತ್ತ ಕೂತಿದ್ದ. ತುಂಬಿದ ಕ್ಯಾನು ವಾಪಸು ಬಂದದ್ದನ್ನು ನೋಡಿ ಹಗ್ಗ ಕೆಳಗಿಟ್ಟ.

"ಮತ್ತೆ ವಾಪಸ್ಸಾ?" ಎಂದವನು ದನಿ ತಗ್ಗಿಸಿ ಕೇಳಿದ: "ನೀನೇನೂ... ಹಾಕಿಲ್ಲ ತಾನೇ?"

ಡೈರಿಯಲ್ಲಿ ಅಷ್ಟು ಜನರ ಮುಂದೆ ಬಾರದ ಅಳು ಈಗ ಉಕ್ಕಿ ಬಂತು. "ಊರವರು ಕೇಳಿದ್ರು, ತಡ್ಕೊಂಡೆ. ನೀವೂ ಕೇಳ್ತೀರಾ? ಕಟ್ಕೊಂಡ ಗಂಡ ನೀವೂ ಕೇಳ್ತೀರಾ?" ಎಂದು ಗಂಗುಲಮ್ಮ ಬಿಕ್ಕಿದಳು. ನಲ್ಲಪ್ಪನಿಗೆ ನಾಚಿಕೆಯಾಯಿತು. "ಅಯ್ಯೋ ಬಿಡೇ, ಸುಮ್ನೆ ಕೇಳ್ದೆ," ಎಂದು ಮತ್ತೆ ಹಗ್ಗ ಕೈಗೆತ್ತಿಕೊಂಡ.

ಬೆಳಗಾಗುತ್ತಲೇ ಯೋಗನರಸಿಂಹ ಬಂದರು. ಅವರ ಹಿಂದೆ ಆವಲಪ್ಪ, ಆವಲಪ್ಪನ ಹಿಂದೆ ಅರ್ಧ ಬೀದಿ. ಎರಡು ಮನೆ ಆಚೆಗಿನ ತಾಹಿರಾ ಕೂಡ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತಳು. ಅವಳ ಗಂಡ ಉಸ್ಮಾನ್ ಸಾಬ್ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರು. ಮನೆಯ ಎರಡು ಹಸು, ಒಂದು ಟಗರು ತಾಹಿರಾಳ ಜವಾಬ್ದಾರಿ. ಗಂಗುಲಮ್ಮನಿಗೂ ಅವಳಿಗೂ ಒಳ್ಳೆ ಸ್ನೇಹ. ಹಬ್ಬದ ಒಬ್ಬಟ್ಟು ಆಚೆಗೆ, ರಂಜಾನಿನ ಶಾವಿಗೆ ಈಚೆಗೆ.

ಗಂಗುಲಮ್ಮ ಬಕೆಟ್ಟನ್ನು ಎಲ್ಲರ ಮುಂದೆ ಬೋರಲು ಹಾಕಿ ತೋರಿಸಿದಳು. ಸೆರಗಿನಿಂದ ಒಳಗೆಲ್ಲ ಒರೆಸಿದಳು. ಆಮೇಲೆ ಕೆಚ್ಚಲು ತೊಳೆದು, ಅದನ್ನೂ ಒಣಬಟ್ಟೆಯಲ್ಲಿ ಒರೆಸಿ, ಕರೆಯಲು ಕೂತಳು. ಚೊರ್ ಚೊರ್ ಎಂದು ಹಾಲು ಬಿತ್ತು.

"ಬಿಸಿ ಹಾಲಿಗೆ ಕಡ್ಡಿ ಸರಿಯಾಗಿ ಹೇಳಲ್ಲ, ಸ್ವಲ್ಪ ಆರಲಿ, ನೊರೆ ಇಳೀಲಿ," ಎಂದರು ಯೋಗನರಸಿಂಹ. ಎಲ್ಲರೂ ಕಾದರು. ಹಾಲು ಆರಿತು. ಗಾಜಿನ ಕಡ್ಡಿ ಒಳಗೆ ಬಿತ್ತು. ಎಲ್ಲರೂ ಬಗ್ಗಿದರು.

ಕಡ್ಡಿ ಮುಳುಗಿತು!

ಮೊದಲು ಬಾಯಿಬಿಟ್ಟವನು ಆವಲಪ್ಪ. "ಸರಿ ಬಿಡ್ರಪ್ಪ. ಗಂಗುಲಮ್ಮ ನೀರು ಬೆರ್ಸಿಲ್ಲ, ನಾನೇ ಸಾಕ್ಷಿ. ಈ ಹಸುನೇ ನೀರು ಬೆರ್ಸಿ ಕೊಡ್ತೈತೆ!"

ಕೊಟ್ಟಿಗೆಯೆಲ್ಲ ನಗುವೋ ನಗು. ಗಂಗುಲಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಯೋಗನರಸಿಂಹ ನಗಲಿಲ್ಲ. "ಗಂಗುಲಮ್ಮ, ನಿಮ್ಮ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯ್ತು," ಎಂದು ಕೈ ಮುಗಿದರು. "ಆದ್ರೆ ಈ ಹಾಲನ್ನ ಎಲ್ಲರ ಹಾಲಿನ ಜೊತೆ ಸುರಿದ್ರೆ ಊರಿನ ಹಾಲೆಲ್ಲ ವಾಪಸ್ ಬರುತ್ತೆ. ಡಿಗ್ರಿ ಬರೋವರೆಗೂ ತರಬೇಡಿ ತಾಯಿ."

ಜನ ಚದುರಿದರು. ನಲ್ಲಪ್ಪ ಗುಲಾಬಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತವನು ಒಂದೇ ಮಾತಿನಲ್ಲಿ ಮುಗಿಸಿದ: "ಈ ಹಸು ಜಾತೀನೇ ಹಿಂಗೆ ಕಣೇ. ಬರೋ ಸಂತೆಗೆ ಹೊಡ್ಕೊಂಡು ಹೋಗ್ಬಿಡ್ತೀನಿ."

"ಮಾರ್ತೀರಾ? ಮಾರಿಬಿಟ್ರೆ ಊರು ಏನಂತೈತೆ ಗೊತ್ತಾ? ಸಿಕ್ಕಿಹಾಕ್ಕೊಂಡ್ಲು, ಅದಕ್ಕೇ ಹಸು ಸಾಗಹಾಕಿದ್ಲು ಅಂತೈತೆ! ಇಲ್ಲಿ ಬಂದು ನೋಡಿದೋರು ಹತ್ತು ಜನ. ನೋಡದೇ ಇರೋರು ಇಡೀ ಊರು!" ಎಂದಳು ಗಂಗುಲಮ್ಮ. ಗುಲಾಬಿಯೂ ಹೋಗಿ, ಹೆಸರೂ ಹೋದರೆ ಉಳಿಯುವುದೇನು?

ತಾಹಿರಾ ಮಾತ್ರ ಹೋಗಿರಲಿಲ್ಲ. ಅವಳು ಗುಲಾಬಿಯ ಮುಂದಿದ್ದ ಮೇವನ್ನು ಕೈಯಲ್ಲಿ ಕೆದಕಿ ನೋಡುತ್ತಿದ್ದಳು. ಒಣ ರಾಗಿ ಹುಲ್ಲು, ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಪಕ್ಕದಲ್ಲಿ ಒಂದು ಬಾನಿ ಕಲಗಚ್ಚು. ಅಷ್ಟೇ. ಅಂಗಳದ ಒಲೆಯ ಮೇಲೆ ದೊಡ್ಡ ಮಡಕೆಯಲ್ಲಿ ಹುರುಳಿ ತಳತಳ ಕುದಿಯುತ್ತಿತ್ತು.

"ಅಕ್ಕ, ಈ ಹುರುಳಿ ಯಾರಿಗೆ?"

"ಯಾರಿಗೇನಮ್ಮ, ಕಟ್ಟು ಬಸ್ಕೊಂಡು ನಮಗೆ ಸಾರು. ಕಾಳು ಎತ್ತಿಗೆ. ಉಳುಮೆ ಶುರುವಾಯ್ತಲ್ಲ."

"ಹಸುಗೆ?"

ಗಂಗುಲಮ್ಮ ಕಣ್ಣು ಕಣ್ಣು ಬಿಟ್ಟಳು. ಅವಳ ಅತ್ತೆಯೂ ಹೀಗೇ ಬೇಯಿಸಿದ್ದಳು, ಅತ್ತೆಯ ಅತ್ತೆಯೂ ಹೀಗೇ. ಕಟ್ಟು ಮನೆಗೆ, ಕಾಳು ಎತ್ತಿಗೆ. ಹಸುವಿಗೆ ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ.

"ಹಸುಗ್ಯಾಕೆ ಹುರುಳಿ?" ಎಂದು ನಲ್ಲಪ್ಪನೇ ಉತ್ತರ ಕೊಟ್ಟ. "ಎತ್ತು ದುಡೀತೈತೆ, ಅದಕ್ಕೆ ಕಾಳು ಹಾಕ್ತೀವಿ. ಹಸು ಕಟ್ಟಿದ್ ಕಡೆ ನಿಂತಿರ್ತೈತೆ."

ತಾಹಿರಾಗೆ ನಗು ತಡೆಯಲಾಗಲಿಲ್ಲ. "ನಲ್ಲಪ್ಪಣ್ಣ, ನಿಮ್ಮ ಎತ್ತು ಉಳುಮೆ ಬಂದಾಗ ದುಡೀತೈತೆ. ಈ ಹಸು? ಒಂದು ದಿನ ರಜ ತಗೊಂಡೈತಾ? ಬೆಳಗ್ಗೆ ಹಾಲು, ಸಾಯಂಕಾಲ ಹಾಲು, ಹೊಟ್ಟೇಲಿ ಬೇರೆ ಒಂದು ಕರು. ನಿಂತ್ಕೊಂಡೇ ದುಡೀತೈತಣ್ಣ ಇದು. ಬರೀ ಹುಲ್ಲು ತಿಂದು ಗಟ್ಟಿ ಹಾಲು ಎಲ್ಲಿಂದ ತರ್ಬೇಕು? ತನ್ನ ಮೈ ಕರಗಿಸಿ ಕೊಡ್ತೈತೆ. ಪಕ್ಕೆ ಮೂಳೆ ನೋಡಿ!"

ಗಂಗುಲಮ್ಮ ನೋಡಿದಳು. ದಿನಾ ಮೈ ಉಜ್ಜುವ ಹಸು, ದಿನಾ ಕಾಣುವ ಪಕ್ಕೆ. ಇವತ್ತು ಕಂಡಂತೆ ಯಾವತ್ತೂ ಕಂಡಿರಲಿಲ್ಲ.

ನಲ್ಲಪ್ಪ ಸೋಲಲಿಲ್ಲ. "ಹುರುಳಿ ಉಷ್ಣ ಕಣಮ್ಮ. ಗಬ್ಬದ ಹಸುಗೆ ಹಾಕಿದ್ರೆ ಕಂದು ಹಾಕ್ತೈತೆ, ಹೊಟ್ಟೇಲಿರೋ ಕರು ಉಳಿಯಲ್ಲ. ನಮ್ಮವ್ವನ ಕಾಲದಲ್ಲಿ ಬಿಳೀ ಹಸು ಹಂಗೇ ಕಂದು ಹಾಕಿತ್ತು."

"ಯಾ ಅಲ್ಲಾ! ನಮ್ಮನೆ ಎರಡೂ ಹಸು ಗಬ್ಬದಲ್ಲೂ ಹುರುಳಿ ತಿಂದಾವೆ ಅಣ್ಣ, ಬಂದು ಕರುಗಳನ್ನ ನೋಡಿ. ಅಲೀಪುರದಲ್ಲಿ ನಮ್ಮಮ್ಮನ ಮನೇಲಿ ಬಕ್ರೀದ್ ಟಗರಿಗೆ ಕಡಲೆ, ಹುರುಳಿ ನೆನೆಸಿ ಹಾಕಿ ಮೇಯಿಸ್ತಾರೆ. ಅದನ್ನ ನೋಡಿ ನಾನು ಹಸುಗೂ ಹಾಕಿದ್ದು. ನಮ್ಮ ಟಗರು ನೋಡಿದ್ದೀರಲ್ಲ?"

ಆ ಟಗರನ್ನು ನೋಡದವರು ಊರಲ್ಲಿ ಯಾರೂ ಇಲ್ಲ. ಬೀದಿಯಲ್ಲಿ ಬಂದರೆ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

"ಟಗರೇ ಬೇರೆ, ಹಸುನೇ ಬೇರೆ," ಎಂದ ನಲ್ಲಪ್ಪ.

"ಎರಡೂ ಮೆಲುಕು ಹಾಕೋ ಪ್ರಾಣಿಗಳೇ ಅಲ್ವಾ ಅಣ್ಣ? ಹೊಟ್ಟೆ ದೊಡ್ಡದು ಚಿಕ್ಕದು, ಅಷ್ಟೇ."

ನಲ್ಲಪ್ಪ ತಲೆ ಕೆರೆದುಕೊಂಡ. "ನನ್ನನ್ನ ಕೇಳ್ಬೇಡಿ. ಬರೋ ಸಂತೆವರೆಗೂ ಏನ್ ಬೇಕಾದ್ರೂ ಮಾಡ್ಕಳ್ಳಿ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಹಸು ಹೋಯ್ತು," ಎಂದು ಎತ್ತು ಹೊಡೆದುಕೊಂಡು ಹೊಲಕ್ಕೆ ಹೊರಟ.

"ಅವಸರ ಮಾಡ್ಬೇಡ ಅಕ್ಕ," ಎಂದಳು ತಾಹಿರಾ ಹೊರಡುವಾಗ. "ನಾಳೆ ಬಂದು ಹದ ಹೇಳ್ಕೊಡ್ತೀನಿ. ಹುರುಳಿ ನೆನೆಹಾಕ್ಬೇಕು, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸ್ಬೇಕು. ಒಂದೇ ಸಲಕ್ಕೆ ಹಾಕ್ಬಿಟ್ಟೀಯ!"

ಗಂಗುಲಮ್ಮ ಹ್ಞೂಂ ಎಂದಳು. ಆದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದದ್ದು ಒಂದೇ ಮಾತು: ಬರೋ ಸಂತೆ. ಸಂತೆ ಇನ್ನೆಷ್ಟು ದೂರ? ಸ್ವಲ್ಪ ಸ್ವಲ್ಪ ಎಂದು ಕೂತರೆ ಡಿಗ್ರಿ ಯಾವಾಗ ಬರಬೇಕು? ಇಷ್ಟು ವರ್ಷ ತಿನ್ನದೆ ಬಿಟ್ಟದ್ದನ್ನೆಲ್ಲ ಇವತ್ತೇ ತಿನ್ನಲಿ ಎಂದುಕೊಂಡಳು. ಎತ್ತಿಗೆಂದು ಗುಡಾಣದಲ್ಲಿ ತುಂಬಿಟ್ಟಿದ್ದ ಒಣ ಹುರುಳಿಯನ್ನು ಒಂದು ಬಕೆಟ್ಟು ತುಂಬ ಬಗೆದು ತಂದು ಗುಲಾಬಿಯ ಮುಂದೆ ಸುರಿದೇಬಿಟ್ಟಳು.

"ತಿನ್ನು ನನ್ನವ್ವ, ಹೊಟ್ಟೆ ತುಂಬ ತಿನ್ನು!"

ಗುಲಾಬಿ ಯಾವತ್ತೂ ಕಾಣದ ಕಾಳು. ತಲೆ ಎತ್ತದೆ ಕರಕರ ಅಗಿಯಿತು. ಎಲ್ಲ ನೆಕ್ಕಿ ಮುಗಿಸಿ, ಬಾನಿಯ ನೀರನ್ನೂ ಹೀರಿತು. ಗಂಗುಲಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಡು ಗುನುಗಿಕೊಂಡು ಹುಳುಗಳಿಗೆ ಸೊಪ್ಪು ಹಾಕಲು ಒಳಗೆ ಹೋದಳು.

ಮಧ್ಯಾಹ್ನ ದಾಟಿದ ಮೇಲೆ ಕೊಟ್ಟಿಗೆಯಿಂದ ನರಳಾಟ ಕೇಳಿತು. ಓಡಿ ಹೋಗಿ ನೋಡಿದರೆ ಗುಲಾಬಿಯ ಎಡಹೊಟ್ಟೆ ಊದಿಕೊಂಡಿದೆ. ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು. ಮೆಲುಕು ನಿಂತಿದೆ, ಬಾಯಲ್ಲಿ ಜೊಲ್ಲು, ಕಾಲಲ್ಲಿ ಹೊಟ್ಟೆಗೆ ಒದ್ದುಕೊಳ್ಳುತ್ತಿದೆ.

"ತಾಹಿರಾ! ಬಾರೇ ತಾಹಿರಾ! ನನ್ನ ಹಸು ಹೋಯ್ತು!"

ಆ ಕೂಗಿಗೆ ಬೀದಿಯೇ ಎದ್ದು ಬಂತು. ತಾಹಿರಾ ಬಂದವಳೇ ನೆಲದ ಮೇಲೆ ಚೆಲ್ಲಿದ್ದ ನಾಲ್ಕು ಒಣ ಕಾಳು ನೋಡಿ ತಲೆ ಚಚ್ಚಿಕೊಂಡಳು. "ಹೇಳಿದ್ನಲ್ಲಕ್ಕ! ಬಾಯಿ ಬಡ್ಕೊಂಡು ಹೇಳಿದ್ನಲ್ಲ!" ಎನ್ನುತ್ತಲೇ ಗುಲಾಬಿಯನ್ನು ಬಿಚ್ಚಿ, ಮುಂಗಾಲು ಎತ್ತರಕ್ಕೆ ಬರುವ ಹಾಗೆ ತಿಪ್ಪೆಯ ಏರಿನ ಮೇಲೆ ನಿಲ್ಲಿಸಿದಳು. ಗಾಳಿ ಹೊರಗೆ ಬರಲೆಂದು ಬಾಯಿಗೆ ಅಡ್ಡಲಾಗಿ ಒಂದು ಬೇವಿನ ಕಡ್ಡಿ ಕಟ್ಟಿದಳು. ಆವಲಪ್ಪ ಸೈಕಲ್ಲು ಹತ್ತಿದವನು ಜಂಗಮಕೋಟೆಯ ಕಡೆಗೆ ಹಾರಿದ. ಬಾಯಿ ಎಂಥದ್ದಾದರೂ ಮನುಷ್ಯ ಕೆಟ್ಟವನಲ್ಲ.

ಹೊಲದಿಂದ ನಲ್ಲಪ್ಪನೂ ಓಡಿ ಬಂದ. "ನಾನ್ ಬಡ್ಕೊಂಡ್ನಲ್ಲೇ, ಹುರುಳಿ ಬೇಡ ಅಂತ! ಈಗ ಹಸೂನೂ ಹೋಯ್ತು, ಹೊಟ್ಟೇಲಿರೋ ಕರೂನೂ ಹೋಯ್ತು!" ಎಂದು ಕೂಗಾಡಿದ. ಗಂಗುಲಮ್ಮ ಗುಲಾಬಿಯ ಕೊರಳು ಹಿಡಿದು ನಿಂತಿದ್ದಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಹಸು ಒಂದು ಬದುಕಲಿ ದೇವರೇ ಎಂದು ಒಳಗೊಳಗೇ ಹರಕೆ ಹೊತ್ತಳು.

ಪಶುವೈದ್ಯ ಸತ್ಯಮೂರ್ತಿಯವರು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದರು. ಹೊಟ್ಟೆ ತಟ್ಟಿ ನೋಡಿದರು. ಗಂಟಲಿಗೆ ಕೊಳವೆ ಬಿಟ್ಟರು, ಔಷಧಿ ಕುಡಿಸಿದರು, ಹೊಟ್ಟೆಯನ್ನು ಚೆನ್ನಾಗಿ ತಿಕ್ಕಿಸಿದರು. ಎಷ್ಟೋ ಹೊತ್ತಿನ ಮೇಲೆ ಬುಸ್ ಎಂದು ಗಾಳಿ ಹೊರಬಂತು. ತೇಗಿನ ಮೇಲೆ ತೇಗು. ಗುಲಾಬಿಯ ಕಣ್ಣು ತಿಳಿಯಾಯಿತು. ಹೊತ್ತು ಮುಳುಗುವ ಹೊತ್ತಿಗೆ ಅದು ನಿಧಾನವಾಗಿ ಒಂದು ಸಲ ಮೆಲುಕು ಹಾಕಿತು.

"ಬದುಕ್ತು ಕಣ್ರೋ!" ಎಂದು ಕಿರುಚಿದವನು ಆವಲಪ್ಪ. ಗಂಗುಲಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು, ನಕ್ಕಳು.

ಡಾಕ್ಟರು ಕೈ ತೊಳೆದುಕೊಂಡು ಅಂಗಳದ ಕಲ್ಲಿನ ಮೇಲೆ ಕೂತರು. ನಲ್ಲಪ್ಪ ತಡೆಯಲಾರದೆ ಶುರುಮಾಡಿದ. "ನೋಡಿ ಸಾರ್, ಹುರುಳಿ ಉಷ್ಣ ಅಂತ ಹೇಳ್ದೆ. ಹೆಂಗಸರು ಕೇಳ್ಲಿಲ್ಲ."

"ಹುರುಳಿದು ತಪ್ಪಿಲ್ಲ ನಲ್ಲಪ್ಪ," ಎಂದರು ಸತ್ಯಮೂರ್ತಿ. "ಅಳತೆದು ತಪ್ಪು, ಅವಸರದ್ದು ತಪ್ಪು. ನಿಮಗೆ ಅಭ್ಯಾಸ ಇಲ್ಲದ ಊಟ ಒಂದು ಬಕೆಟ್ಟು ಇಟ್ಟು ತಿನ್ನಿ ಅಂದ್ರೆ ನೀವು ಎದ್ದು ಓಡಾಡ್ತೀರಾ? ಒಣ ಕಾಳು ಹೊಟ್ಟೇಲಿ ನೀರು ಕುಡಿದು ಉಬ್ಬುತ್ತೆ, ಹುಳಿಯಾಗುತ್ತೆ. ಅದೇ ಹುರುಳೀನ ನೆನೆಸಿ, ಹಿಡಿ ಹಿಡಿಯಾಗಿ ರೂಢಿ ಮಾಡಿಸಿದ್ರೆ ಇದಕ್ಕಿಂತ ಒಳ್ಳೆ ಮೇವು ನಿಮ್ಮ ಹೊಲದಲ್ಲಿ ಬೇರೆ ಯಾವುದಿದೆ? ಮೈಗೆ ಶಕ್ತಿ, ಹಾಲೂ ಗಟ್ಟಿ."

"ಕಂದು ಹಾಕಲ್ವಾ ಸಾರ್? ನಮ್ಮವ್ವನ ಕಾಲದಲ್ಲಿ ಬಿಳೀ ಹಸು..."

"ಆ ಬಿಳೀ ಹಸುಗೆ ಹುರುಳಿ ಹಾಕಿದ್ರಾ?"

"ಎಲ್ಲಾದ್ರೂ ಉಂಟಾ ಸಾರ್! ನಮ್ಮ ಮನೇಲಿ ಹಸುಗೆ ಯಾವತ್ತೂ ಹುರುಳಿ ಹಾಕೇ ಇಲ್ಲ," ಎಂದು ಹೆಮ್ಮೆಯಿಂದ ಹೇಳಿದ ನಲ್ಲಪ್ಪ. ಹೇಳಿದ ಮೇಲೆ ಅವನ ಬಾಯಿ ತೆರೆದಂತೇ ಉಳಿಯಿತು.

"ಹಾಕೇ ಇಲ್ಲ ಅಂದ್ಮೇಲೆ ಹುರುಳಿಯಿಂದ ಹೆಂಗಪ್ಪ ಕಂದು ಹಾಕ್ತು?" ಎಂದರು ಡಾಕ್ಟರು.

"ಎತ್ತಿನ ಮಡಕೆಗೆ ಬಾಯಿ ಹಾಕಿತ್ತು ಅಂತ ಅವ್ವ ಹೇಳ್ತಿದ್ಲು..."

"ನೀವು ಕಣ್ಣಾರೆ ನೋಡಿದ್ರಾ?"

"ನಾನಾಗ ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ ಸಾರ್," ಎಂದ ನಲ್ಲಪ್ಪ, ಸಣ್ಣ ದನಿಯಲ್ಲಿ. ಅಷ್ಟು ಹೊತ್ತು ಅಳುತ್ತಿದ್ದ ಗಂಗುಲಮ್ಮನೇ ಮೊದಲು ನಕ್ಕಳು. ಆಮೇಲೆ ಯಾರ ನಗುವನ್ನೂ ಹಿಡಿಯುವಂತಿರಲಿಲ್ಲ.

"ಹಸು ಕಂದು ಹಾಕೋಕೆ ರೋಗ ಇರುತ್ತೆ, ಬಿದ್ದ ಪೆಟ್ಟಿರುತ್ತೆ, ನೂರು ಕಾರಣ ಇರುತ್ತೆ," ಎಂದರು ಡಾಕ್ಟರು ಏಳುತ್ತ. "ಹಂಗಾದಾಗ ನಮ್ಮನ್ನ ಕರೀರಿ. ಕಾಳನ್ನ ಬೈಬೇಡಿ. ಗಬ್ಬದ ಹಸು ಎರಡು ಜೀವಕ್ಕೆ ತಿನ್ನಬೇಕಲ್ಲ, ಅದಕ್ಕೆ ಕಾಳು ಬೇಕೇ ಬೇಕು. ಈಗ ಎರಡು ದಿನ ಬರೀ ಹುಲ್ಲು ನೀರು ಕೊಡಿ. ಆಮೇಲೆ ಈ ತಾಹಿರಮ್ಮ ಹೇಳಿದ ಹಾಗೆ ಶುರುಮಾಡಿ. ಅವರ ಹಸುಗಳನ್ನ ನೋಡಿದ್ದೀನಿ, ಹದ ಅವರಿಗೆ ಗೊತ್ತಿದೆ."

ಗುಲಾಬಿ ಚೇತರಿಸಿಕೊಂಡ ಮೇಲೆ ತಾಹಿರಾ ಬಂದು ಕೂತಳು. ಈ ಸಲ ಗಂಗುಲಮ್ಮ ಕಿವಿಯೆಲ್ಲ ಬಿಟ್ಟುಕೊಂಡು ಕೇಳಿದಳು. ನಲ್ಲಪ್ಪ ಹಗ್ಗ ಹೊಸೆಯುವ ನೆಪ ಮಾಡಿಕೊಂಡು ಪಕ್ಕದಲ್ಲೇ ಕೂತ.

"ಸಾಯಂಕಾಲ ನೆನೆಹಾಕಿ ಮಲ್ಕೋ ಅಕ್ಕ. ಬೆಳಗ್ಗೆಗೆ ಕಾಳು ಮೆತ್ತಗಾಗಿರ್ತೈತೆ. ಇಲ್ಲಾಂದ್ರೆ ಹೆಂಗೂ ಎತ್ತಿಗೆ ಬೇಯಿಸ್ತೀಯಲ್ಲ, ಅದರಲ್ಲೇ ಇದರ ಪಾಲೂ ಬೇಯ್ಲಿ. ಕಟ್ಟು ನೀವು ಬಸ್ಕಳ್ಳಿ, ಯಾರು ಬೇಡ ಅಂದ್ರು? ಬೀಸೋ ಕಲ್ಲಲ್ಲಿ ನುಚ್ಚು ಒಡೆದು ಹಾಕಿದ್ರೂ ಆಯ್ತು. ಇಡೀ ಕಾಳು ಒಣದ್ದು ಮಾತ್ರ ಬೇಡ, ಹೊಟ್ಟೇಲಿ ಅರಗದೆ ಸಗಣೀಲಿ ಕಾಳು ಕಾಳಾಗೇ ಬಿದ್ದೋಗ್ತೈತೆ."

"ಎಷ್ಟು ಹಾಕ್ಲಿ?"

"ಮೊದಲು ಒಂದು ಪಾವು. ಅದೂ ಬೂಸಾ ಜೊತೆ ಕಲಸಿ. ಸಗಣಿ ನೋಡು, ಗಟ್ಟಿಯಾಗಿ ಸರಿಯಾಗಿ ಬಿದ್ರೆ ಇನ್ನೊಂಚೂರು ಜಾಸ್ತಿ ಮಾಡು. ತೆಳ್ಳಗಾದ್ರೆ ಕಡಿಮೆ ಮಾಡು. ಒಂದು ವಾರ, ಹತ್ತು ದಿನ ಹಿಡೀತೈತೆ ರೂಢಿ ಆಗಕ್ಕೆ. ಆಮೇಲೆ ದಿನಕ್ಕೆ ಒಂದು ಸೇರು, ಎರಡು ಹೊತ್ತಿಗೆ ಹಂಚಿ ಹಾಕು. ಅದಕ್ಕಿಂತ ಆಸೆ ಪಡ್ಬೇಡ. ಹುಲ್ಲು ಮಾತ್ರ ನಿಲ್ಲಿಸ್ಬೇಡ, ಮೆಲುಕು ಹಾಕಕ್ಕೆ ಹುಲ್ಲೇ ಬೇಕು."

"ಕುರಿ ಮೇಕೆಗೆ?" ಎಂದು ಹಗ್ಗದ ಕಡೆಯಿಂದ ಪ್ರಶ್ನೆ ಬಂತು.

"ಒಂದು ಹಿಡಿ ಅಣ್ಣ. ಅಷ್ಟಕ್ಕೇ ನಮ್ಮ ಟಗರು ಹಂಗಿರೋದು. ಮುಗ್ಗಲು ಹಿಡಿದ ಕಾಳು ಯಾವುದಕ್ಕೂ ಹಾಕ್ಬೇಡಿ. ಇನ್ನೊಂದು ಮಾತು. ಅವರೆ, ತೊಗರಿ, ಹುರುಳಿ ಬಡಿದ್ಮೇಲೆ ಹೊಟ್ಟು ಏನ್ ಮಾಡ್ತೀರಿ ನೀವು?"

"ಕಣದಲ್ಲೇ ಬಿಡ್ತೀವಿ. ಇಲ್ಲಾ ಬೆಂಕಿ ಇಡ್ತೀವಿ," ಎಂದ ನಲ್ಲಪ್ಪ.

"ಬೆಂಕಿ ಇಡ್ತೀರಾ! ಒಣ ರಾಗಿ ಹುಲ್ಲಿಗಿಂತ ಎಷ್ಟೋ ಸತ್ವ ಅದರಲ್ಲಿ. ತುಂಬಿಟ್ಕೊಂಡು ಹುಲ್ಲಿನ ಜೊತೆ ಬೆರೆಸಿ ಹಾಕಿ, ಹಸು ಬಾನಿ ನೆಕ್ಕತೈತೆ. ಆದ್ರೆ ಅಲಸಂದೆ, ಹುರುಳಿ ಹಸೀ ಬಳ್ಳಿ ಇಬ್ಬನಿ ಬಿದ್ದಿರುವಾಗ ಹೊಟ್ಟೆ ತುಂಬ ಮೇಯಿಸ್ಬೇಡಿ, ಅದೂ ಹೊಟ್ಟೆ ಉಬ್ಬರಿಸ್ತೈತೆ. ಒಂದು ಬಿಸಿಲು ಬಾಡಿಸಿ ಹಾಕಿ."

ಅವತ್ತು ಸಾಯಂಕಾಲ ಗಂಗುಲಮ್ಮ ಒಂದೇ ಒಂದು ಪಾವು ಹುರುಳಿ ಅಳೆದು ನೆನೆಹಾಕಿದಳು. ಕೈ ಇನ್ನೊಂದು ಪಾವಿಗೆ ಹೋಗುತ್ತಿತ್ತು, ಗದರಿಸಿಕೊಂಡು ಹಿಂದಕ್ಕೆಳೆದುಕೊಂಡಳು. ಬೆಳಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಸಗಣಿ ನೋಡಲು ಓಡುತ್ತಿದ್ದಳು. "ನಮ್ಮನೇವಳಿಗೆ ಸಗಣಿ ಹುಚ್ಚು ಹಿಡಿದೈತೆ," ಎಂದು ನಲ್ಲಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ನಕ್ಕ. ಆದರೆ ಸಂತೆ ಬಂತು, ಹೋಯಿತು. ನಲ್ಲಪ್ಪ ಗುಲಾಬಿಯ ಹಗ್ಗ ಮುಟ್ಟಲಿಲ್ಲ. ಕೇಳಿದ್ದಕ್ಕೆ, "ಡಾಕ್ಟ್ರು ಈಗ ತಾನೇ ಔಷಧಿ ಕೊಟ್ಟವ್ರೆ, ನಡೆಸ್ಕೊಂಡು ಹೋಗಕ್ಕಾಗಲ್ಲ," ಎಂದ. ಅದಾದ ಮೇಲಿನ ಸಂತೆಯ ದಿನ ಯಾವ ನೆಪವನ್ನೂ ಹೇಳಲಿಲ್ಲ. ಗಾಡಿ ಕಟ್ಟಿಕೊಂಡು ಹೋಗಿ ಯಾರದೋ ಕಣದಲ್ಲಿ ಬಿದ್ದಿದ್ದ ತೊಗರಿ ಹೊಟ್ಟನ್ನು ಕೇಳಿ ತುಂಬಿಕೊಂಡು ಬಂದ.

ಗುಲಾಬಿಯ ಮೈ ಕಣ್ಣೆದುರಿಗೇ ತುಂಬುತ್ತಾ ಬಂತು. ಪಕ್ಕೆ ಮುಚ್ಚಿತು, ಕೂದಲಿಗೆ ಮಿಂಚು ಬಂತು. ಹಾಲು ಕರೆಯುವಾಗ ಕೈಗೆ ಹತ್ತುವ ಅಂಟೇ ಬೇರೆಯಾಯಿತು. ಕಾಯಿಸಿದರೆ ಕೆನೆ ಕಟ್ಟುತ್ತಿತ್ತು. ಗಂಗುಲಮ್ಮನಿಗೆ ಡೈರಿಗೆ ಓಡಬೇಕೆಂಬ ಆಸೆ. ಮತ್ತೆ ಕಡ್ಡಿ ಮುಳುಗಿದರೆ ಎಂಬ ಭಯ. ನಾಳೆ ನಾಳೆ ಎಂದು ತಳ್ಳುತ್ತಿದ್ದಳು.

ಕೊನೆಗೆ ನಲ್ಲಪ್ಪನೇ ಕ್ಯಾನು ತೊಳೆದು ತಂದು ಅವಳ ಮುಂದಿಟ್ಟ. "ನಡಿಯೇ, ಹೋಗಣ. ನಾನೂ ಬರ್ತೀನಿ ಇವತ್ತು."

ಡೈರಿಯ ಮುಂದೆ ಸಾಲು ಇತ್ತು. ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಜನ ಸರಿದು ದಾರಿ ಬಿಟ್ಟರು. ಗಂಗುಲಮ್ಮ ಮುಂದೆ ಹೋಗಿ ಹಾಲು ಸುರಿದಳು. ಯೋಗನರಸಿಂಹ ಗಾಜಿನ ಕಡ್ಡಿ ಇಳಿಬಿಟ್ಟರು. ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡಿ ಗಂಗುಲಮ್ಮ," ಎಂದರು ಯೋಗನರಸಿಂಹ. ಅವರ ದನಿಯಲ್ಲಿ ನಗು ಇತ್ತು.

ಕಡ್ಡಿ ತೇಲುತ್ತಿತ್ತು! ಒಂದು ಸಲ ಕುಣಿದು, ಎರಡು ಸಲ ಕುಣಿದು, ಮೇಲೆಯೇ ನಿಂತಿತು.

"ಏನ್ ಡಿಗ್ರಿ ಬಂದೈತೆ ಅಂತ ಸ್ವಲ್ಪ ಜೋರಾಗಿ ಹೇಳಿ ಸಾರ್!" ಎಂದಳು ಗಂಗುಲಮ್ಮ. "ಅವತ್ತು ವಾಪಸ್ ಕಳ್ಸಿದ್ದು ಎಲ್ಲರಿಗೂ ಕೇಳಿಸ್ತಲ್ಲ, ಇದೂ ಕೇಳ್ಸಲಿ!"

ಯೋಗನರಸಿಂಹ ಎದ್ದು ನಿಂತು ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಕೂಗಿ ಹೇಳಿದರು. ನಲ್ಲಪ್ಪ ಅವರಿಗಿಂತಲೂ ಜೋರಾಗಿ ಕೂಗಿದ: "ನನ್ನ ಹೆಂಡ್ತಿ ಯಾವತ್ತೂ ನೀರು ಬೆರ್ಸೋಳಲ್ಲ ಕಣ್ರಯ್ಯ! ಹಸುಗೆ ತಿನ್ನೋಕೆ ಹಾಕ್ದೆ ಹಾಲು ಕರೆಸ್ತಿದ್ದೋನು ನಾನು!"

ಗಂಗುಲಮ್ಮ ತಿರುಗಿ ಗಂಡನ ಮುಖ ನೋಡಿದಳು. ಅವಳಿಗೆ ಡಿಗ್ರಿ ಬಂದದ್ದಕ್ಕಿಂತ ಈ ಮಾತಿಗೇ ಹೆಚ್ಚು ಖುಷಿಯಾಯಿತು. ಮರೆಮಾಡಲೂ ಹೋಗಲಿಲ್ಲ, ಅಷ್ಟು ಜನರ ಮುಂದೆಯೇ ಕಣ್ಣೊರೆಸಿಕೊಂಡು ನಕ್ಕಳು.

ಆವಲಪ್ಪ ತನ್ನ ಚೊಂಬು ಹಿಡಿದುಕೊಂಡು ಮೆಲ್ಲಗೆ ಹತ್ತಿರ ಬಂದ. ಆ ಕಡೆ ಈ ಕಡೆ ನೋಡಿ, "ಗಂಗುಲಮ್ಮಕ್ಕ, ನಮ್ಮ ಹಸುಗೂ ಯಾಕೋ ಹಾಲು ತೆಳ್ಳಗೆ ಬರ್ತೈತೆ. ಆ ಹುರುಳಿ... ಎಷ್ಟು ನೆನೆಹಾಕ್ಬೇಕು?" ಎಂದ.

"ಮೊದಲು ಒಂದು ಪಾವು ಕಣಣ್ಣ. ಬಕೆಟ್ ಮಾತ್ರ ಮುಟ್ಬೇಡ!" ಎಂದು ಗಂಗುಲಮ್ಮ ಅಲ್ಲೇ ಡೈರಿಯ ಜಗುಲಿಯ ಮೇಲೆ ಕೂತು ಹೇಳಲು ಶುರುಮಾಡಿದಳು. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಸುತ್ತ ಬಂದು ನಿಂತರು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಯಾರೋ ಓದುವುದನ್ನು ಕೂತು ಕೇಳುತ್ತಿರುವ ಅಣ್ಣತಮ್ಮಂದಿರೇ, ಈಗ ಎದ್ದು ಒಂದು ಸಲ ನಿಮ್ಮ ಕೊಟ್ಟಿಗೆಗೆ ಹೋಗಿ. ಹಸುವಿನ ಪಕ್ಕೆಯ ಮೇಲೆ ಕೈಯಾಡಿಸಿ ನೋಡಿ. ಮೂಳೆ ಕೈಗೆ ಸಿಕ್ಕರೆ ಹಸುವಿನ ಜಾತಿಯನ್ನು ಬೈಯಬೇಡಿ, ಅದರ ಮುಂದೆ ಏನು ಹಾಕಿದ್ದೀರಿ ಎಂದು ನೋಡಿ. ಹುರುಳಿ, ಅವರೆ, ತೊಗರಿ, ಅಲಸಂದೆ ಎಲ್ಲ ನಿಮ್ಮ ಹೊಲದಲ್ಲೇ ಬೆಳೆಯುತ್ತವೆ. ಮನೆಗೆ ಬೇಕಾದ ಕಾಳು ಇಟ್ಟುಕೊಂಡು ಉಳಿದದ್ದರಲ್ಲಿ, ನುಚ್ಚಿನಲ್ಲಿ, ಹೊಟ್ಟಿನಲ್ಲಿ ದನಕುರಿಗಳಿಗೂ ಒಂದು ಪಾಲು ಇಡಿ. ನೆನೆಸಿ ಹಾಕಿ, ಬೇಯಿಸಿ ಹಾಕಿ, ಇಲ್ಲವೇ ಒಡೆದು ಹಾಕಿ. ಹಿಡಿಯಿಂದ ಶುರುಮಾಡಿ, ನಿಧಾನವಾಗಿ ಸೇರಿಗೆ ಬನ್ನಿ. ಹೊಟ್ಟೆ ಉಬ್ಬಿದರೆ ಒಂದು ಗಳಿಗೆಯೂ ಕಾಯದೆ ಪಶು ಆಸ್ಪತ್ರೆಗೆ ಓಡಿ.

ನಿಮ್ಮ ಮನೆಯಲ್ಲಿ ಒಂದು ದಿನವೂ ರಜವಿಲ್ಲದೆ, ಎರಡು ಹೊತ್ತೂ, ನಿಂತಲ್ಲೇ ದುಡಿಯುವವಳು ಒ‌ಬ್ಬಳು ಇದ್ದಾಳೆ. ಇವತ್ತು ಸಾಯಂಕಾಲ ಅವಳ ಪಾಲಿನ ಹುರುಳಿ ಮರೆಯದೆ ನೆನೆಹಾಕಿ.